ಎರಡನೆಯ ಜಗ್ಗು

ನಮ್ಮ ಬೀದಿಯ ದರ್ಜಿ ಯಾವುದನ್ನೂ ಜಗ್ಗಿ ನೋಡದೆ ನಂಬುವವರಲ್ಲ. ಹೊಲಿಗೆಯೊಂದು ಮುಗಿದರೆ ಅದನ್ನು ಎರಡು ಸಲ ಜಗ್ಗುತ್ತಿದ್ದರು. ಒಂದು ದಾರಕ್ಕೆ, ಇನ್ನೊಂದು ಗಂಟಿಗೆ ಎಂಬುದು ಅವರ ಸೂತ್ರ. ಬೀಗ ಹಾಕಿದರೆ ಬೀಗವನ್ನು, ಹಗ್ಗ ಕಟ್ಟಿದರೆ ಹಗ್ಗವನ್ನು, ಅಂಗಡಿಗೆ ಬಂದವರ ಅಂಗಿಯ ಗುಂಡಿಯನ್ನು ಕೂಡ ಕೇಳದೆಯೇ ಜಗ್ಗಿ, ಸಡಿಲವಿದ್ದರೆ ನಿಲ್ಲಿಸಿಕೊಂಡು ಹೊಲಿದೇ ಕಳಿಸುತ್ತಿದ್ದರು. ಬೀದಿಯವರು ಇಟ್ಟ ಹೆಸರು ಜಗ್ಗಣ್ಣ. ಎದುರಿಗೇ ಕರೆದರೂ ಅವರಿಗೆ ಬೇಸರವಿರಲಿಲ್ಲ. ಎಡಭುಜವನ್ನು ತುಸು ತಗ್ಗಿಸಿ, ಕೊರಳಿಗೆ ಅಳತೆಪಟ್ಟಿ ತೂಗಿಸಿಕೊಂಡು, ನೆಲ ಗಟ್ಟಿಯಿದೆಯೇ ಎಂದು ಪರೀಕ್ಷಿಸುವವರಂತೆ ಹೆಜ್ಜೆಯೂರುವ ಆ ನಡಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅವರು ಜೀವಮಾನದಲ್ಲಿ ಪರೀಕ್ಷಿಸದೆ ನಂಬಿದ್ದು ಒಂದೇ ಮಾತನ್ನು. ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹಾಕುತ್ತ ಕೂತಿದ್ದ ಹೆಂಡತಿ ಹೊಟ್ಟೆ ಹಿಡಿದುಕೊಂಡಾಗ "ಏನಾಯ್ತೇ?" ಎಂದಿದ್ದರು. "ಏನಿಲ್ಲ ಬಿಡ್ರೀ, ಬರೀ ಗ್ಯಾಸು" ಎಂದಿದ್ದರು ಆಕೆ. ಮುಖದ ಕಳೆ ಕುಂದಿರಲಿಲ್ಲ, ನಗು ಮಾಸಿರಲಿಲ್ಲ. ಇವರು ಮತ್ತೊಮ್ಮೆ ಕೇಳಲಿಲ್ಲ. ಆಸ್ಪತ್ರೆ ಸೇರುವ ಹೊತ್ತಿಗೆ ಎಲ್ಲವೂ ಕೈಮೀರಿತ್ತು.

ಆಕೆ ಮದುವೆಯಾಗಿ ಬಂದ ವರ್ಷ ಹಿತ್ತಿಲಲ್ಲಿ ನೆಟ್ಟಿದ್ದ ಸೈಪ್ರೆಸ್ ಗಿಡ ಹೆಮ್ಮರವಾಗಿ, ಬೇಸಿಗೆ ಚಳಿಗಾಲ ಎನ್ನದೆ ಹಸಿರಾಗಿ ನಿಂತಿತ್ತು. ಆಕೆ ಹೋದ ಮರುವರ್ಷ ಅದರ ಬೇರು ಪಕ್ಕದ ಮನೆಯ ಗೋಡೆಯನ್ನು ಸೀಳತೊಡಗಿತು, ಕಡಿಸದೆ ಗತ್ಯಂತರವಿರಲಿಲ್ಲ. ಮರ ಹೋಗುವ ಮುಂಚೆ ಅದರ ಕಡ್ಡಿಯಿಂದ ಒಂದು ಸಸಿಯನ್ನಾದರೂ ಎಬ್ಬಿಸಿಕೊಳ್ಳಬೇಕೆಂದು ಜಗ್ಗಣ್ಣ ಹಟ ಹಿಡಿದರು. ನರ್ಸರಿಯವನು ಬಂದು, ಎಳೆಯ ಕವಲಿನ ಬುಡದಲ್ಲಿ ತಾಯಿಕೊಂಬೆಯ ತೊಗಟೆಯ ಚೂರು ಉಳಿಯುವಂತೆ ಅದನ್ನು ಕೆಳಮುಖವಾಗಿ ಸೀಳಿ ಕೀಳುವುದನ್ನು ತೋರಿಸಿದ. ಅಂಥ ಹಲವು ಕಡ್ಡಿಗಳನ್ನು ಕುಂಡಗಳಲ್ಲಿ ತೇವದ ಮರಳಿಗೆ ಊರಿ, ಪ್ಲಾಸ್ಟಿಕ್ ಹೊದಿಸಿ, ನೆರಳಲ್ಲಿಡಲು ಹೇಳಿದ.

"ಬೆಳ್ಳಗಿರೋದೆಲ್ಲ ಹಾಲಲ್ಲ ಯಜಮಾನ್ರೇ. ಈ ಜಾತಿ ಕಡ್ಡಿ ಬೇರಿಲ್ಲದೇನೂ ತಿಂಗಳುಗಟ್ಟಲೆ ಹಸಿರಾಗೇ ಇರುತ್ತೆ. ಆದ್ರೂ ಮುಟ್ಟೋಕೆ ಹೋಗ್ಬೇಡಿ. ಬೇರು ಬಿಟ್ಟರೆ ಅದೇ ಚಿಗುರಿ ಹೇಳುತ್ತೆ."

'ಮುಟ್ಟಬೇಡಿ' ಎಂಬುದು ಅವರ ಕಿವಿಗೆ ಬೀಳಲೇ ಇಲ್ಲ. ಬೇರಿಲ್ಲದೆಯೂ ಹಸಿರಾಗಿರುತ್ತದೆ ಎಂಬುದೊಂದೇ ಎದೆಗೆ ನಾಟಿತು. ಹೊರಗೆ ಚೆನ್ನಾಗಿ ಕಾಣುತ್ತಲೇ ಒಳಗೊಳಗೆ ಮುಗಿದುಹೋಗುವುದನ್ನು ಮನೆಯಲ್ಲೇ ಕಂಡವರಿಗೆ ಹಸಿರು ಸಮಾಧಾನ ಕೊಡುವುದಾದರೂ ಹೇಗೆ? ಬೆಳಗಾದರೆ ಹೊದಿಕೆ ಸರಿಸಿ ಒಂದು ಕಡ್ಡಿಯನ್ನು ಜಗ್ಗುವರು. ಅದು ಸಲೀಸಾಗಿ ಕೈಗೆ ಬರುವುದು. ಬೇರು ಮೂಡುವ ಮುನ್ನ ಬುಡದಲ್ಲಿ ಕಟ್ಟುವ ಬಿಳಿಯ ಗಂಟನ್ನು ಕಂಡು ಹಿಗ್ಗಿ ಮರಳಿ ಊರುವರು. ಅಲ್ಲಿಗೆ ಅದರ ಕಥೆ ಮುಗಿಯುವುದು. "ಅಪ್ಪಾ, ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳ್ತಾರಾ?" ಎಂದು ಮಗಳು ಗೇಲಿ ಮಾಡುತ್ತಿದ್ದಳು. ಕಡ್ಡಿಗಳು ಒಂದೊಂದಾಗಿ ಕಂದುತ್ತಿದ್ದಂತೆ ಗೇಲಿ ಹೋಗಿ ಗದರಿಕೆ ಬಂತು. ಕೊನೆಗೆ ಉಳಿದ ಒಂದೇ ಕುಂಡವನ್ನು ತನ್ನ ಕೋಣೆಯ ಕಿಟಕಿಯಲ್ಲಿಟ್ಟು ಬಾಗಿಲಿಗೆ ಬೀಗ ಹಾಕಿದಳು.

ಅಷ್ಟರಲ್ಲಿ ಆಳುಗಳು ಬಂದು ಮರವನ್ನು ಕಡಿದು ಸಾಗಿಸಿದರು. ಇನ್ನೊಂದು ಕಡ್ಡಿ ಕೀಳುವ ದಾರಿಯೂ ಮುಚ್ಚಿತು. ಹಲವು ವಾರಗಳ ಮೇಲೆ ಒಂದು ಮುಂಜಾನೆ ಮಗಳೇ ಕುಂಡವನ್ನು ಎತ್ತಿಕೊಂಡು ಬಂದಳು. ತುದಿಯಲ್ಲಿ ತೆಳುಹಸಿರಿನ ಕುಡಿಯೊಂದು ಇಣುಕಿತ್ತು.

"ಚಿಗುರಿದೆ ನೋಡಪ್ಪಾ. ಬರೀ ನೋಡು."

ಕಣ್ಣು ನಂಬಿತು, ಕೈ ನಂಬಲಿಲ್ಲ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗಿದರು. ಕಡ್ಡಿ ಬರಲಿಲ್ಲ. "ಹಿಡ್ಕೊಂಡಿದೆ ಕಣೇ!" ಎಂದರು, ಹೆಂಡತಿ ಹೋದಂದಿನಿಂದ ಆ ಮುಖದಲ್ಲಿ ಅಂಥ ಬೆಳಕನ್ನು ಮಗಳು ಕಂಡಿರಲಿಲ್ಲ. ಅದೇ ಉಸಿರಿನಲ್ಲಿ, ಬದುಕಿಡೀ ಹೊಲಿಗೆಗೆ ಪಳಗಿದ ಆ ಕೈ ಇನ್ನೊಮ್ಮೆ ಜಗ್ಗಿತು. ಮಗಳು ತಡೆಯುವಷ್ಟರಲ್ಲಿ ಕಡ್ಡಿ ಕೈಯಲ್ಲಿತ್ತು. ಕೂದಲೆಳೆಯಂಥ ಬೇರುಗಳು ತುಂಡಾಗಿ ಮರಳಲ್ಲೇ ಉಳಿದಿದ್ದವು.

ಮಗಳು ಬಯ್ಯಲಿಲ್ಲ. ಇಬ್ಬರೂ ಸೇರಿ ಮತ್ತೆ ಊರಿದರು, ನೀರು ಚಿಮುಕಿಸಿದರು. ಅದು ಬಹಳ ದಿನ ಹಸಿರಾಗಿಯೇ ಇತ್ತು. ಜಗ್ಗಣ್ಣ ಮಾತ್ರ ಆಮೇಲೆ ಅದನ್ನು ಒಮ್ಮೆಯೂ ಜಗ್ಗಲಿಲ್ಲ.

ಇಂಥವರನ್ನು ಆತುರಗಾರರೆಂದು ಲೋಕ ನಗುತ್ತದೆ. ಅವರನ್ನು ನೂಕುವುದು ಭಯ. ಕೇಳಬೇಕಾದಾಗ ಮತ್ತೊಮ್ಮೆ ಕೇಳದೆ ಉಳಿದವರು, ಮುಂದೆ ತಮ್ಮ ಪ್ರೀತಿಗೆ ಪಾತ್ರವಾದುದನ್ನೆಲ್ಲ 'ಇದ್ದೀಯಾ, ಇದ್ದೀಯಾ' ಎಂದು ಕೇಳುತ್ತಲೇ ಇರುತ್ತಾರೆ. ಇದ್ದೇನೆ ಎಂದು ಉತ್ತರ ಬಂದಾಗಲೂ, ಕೇಳುವುದನ್ನು ನಿಲ್ಲಿಸುವುದು ಹೇಗೆಂದು ಪಾಪ, ಅವರಿಗೆ ತಿಳಿಯುವುದಿಲ್ಲ.