ಉಪಾಸದ ರಿಪೋರ್ಟು

ರಕ್ತ ತಪಾಸಣೆಯ ರಿಪೋರ್ಟಿನಲ್ಲಿ ಎರಡು ಅಂಕಿಗಳ ಪಕ್ಕ, ಮಿತಿ ಮೀರಿದೆ ಎನ್ನುವ ನಕ್ಷತ್ರದ ಗುರುತಿತ್ತು. ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ನೀಲಕಂಠಪ್ಪನವರ ಎದೆ ಧಸಕ್ಕೆನ್ನಲು ಅಷ್ಟು ಸಾಕಾಯಿತು. ಹೋದ ವರ್ಷ ಎದೆನೋವು ಬಂದು ಸ್ಟೆಂಟ್ ಹಾಕಿಸಿಕೊಂಡವರು ಅವರು. ಅವರ ತಂದೆ ಲಕ್ವಾ ಹೊಡೆದು ಹಾಸಿಗೆ ಹಿಡಿದೇ ತೀರಿಕೊಂಡಿದ್ದರು. ತಮಗೂ ಅದೇ ಗತಿ ಎಂಬ ಭಯ ಯಾವಾಗಲೂ ಇತ್ತು. ಭಯವಾದಾಗ ಕೆಲವರು ಅಳುತ್ತಾರೆ, ಕೆಲವರು ಶಿವನನ್ನು ನೆನೆಯುತ್ತಾರೆ. ನಮ್ಮ ನೀಲಕಂಠಪ್ಪನವರು ಬೈಯುತ್ತಾರೆ.

ಬೈಯಲು ಸಿಕ್ಕವಳು ಸೊಸೆ ಉಮಾಶ್ರೀ. ಅತ್ತೆ ಹೋದ ಮೇಲೆ ಅಡುಗೆಮನೆ ಅವಳದೇ. ಸ್ಟೆಂಟ್ ಹಾಕಿದಂದಿನಿಂದ ಪಲ್ಯಕ್ಕೆ ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕುತ್ತಿದ್ದಳು. ಉಪ್ಪಿನಕಾಯಿಯ ಭರಣಿ ಅಟ್ಟ ಸೇರಿತ್ತು, ರೊಟ್ಟಿಯ ಮೇಲಿನ ಬೆಣ್ಣೆ ಕಣ್ಮರೆಯಾಗಿತ್ತು. ಮಾವ ಎಷ್ಟು ಗೊಣಗಿದರೂ ಅವಳು ಜಗ್ಗಿರಲಿಲ್ಲ.

"ಎಣ್ಣಿ ಇಲ್ಲ, ಎಣ್ಣಿ ಇಲ್ಲ ಅಂತ ಹೇಳಿ ಏನ್ ಸುರದಿ ಪಲ್ಯದಾಗ?" ಎಂದು ರಿಪೋರ್ಟನ್ನು ಅವಳ ಮುಖದ ಮುಂದೆ ಹಿಡಿದರು.

"ಡಾಕ್ಟ್ರು ಹೇಳಿದಂಗ ಮಾಡಾಕತ್ತೇನ್ರಿ ಮಾವಾರ."

"ಹಂಗಾರ ಇದು ಸುಳ್ಳು ಹೇಳತೈತಿ?"

ಮಗ ಶಿವಯೋಗೀಶ ಅಪ್ಪನಿಗೆ ಎದುರಾಡುವವನಲ್ಲ. ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ದಾರಿ ಹಿಡಿದ. ಯಜಮಾನರಾದರೂ ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಸೊಸೆಯ ಎದುರಿಗೇ ಹೆಬ್ಬಳ್ಳಿಯ ಬೀಗರಿಗೆ, ಅಂದರೆ ಅವಳ ತಂದೆ ಅಡಿವೆಪ್ಪನಿಗೆ, ಫೋನು ಹಚ್ಚಿದರು.

"ನಿಮ್ಮ ಮಗಳು ನನ್ನ ಲಗೂ ಮ್ಯಾಲ ಕಳಸಾಕ ನಿಂತಾಳ್ರಿ. ಬಂದು ಕರಕೊಂಡು ಹೋಗ್ರಿ."

ಉಮಾಶ್ರೀ ಒಲೆ ಆರಿಸಿ ಕೋಣೆಗೆ ಹೋದಳು.

ಮರುದಿನ ಬೆಳಿಗ್ಗೆ ನೀಲಕಂಠಪ್ಪನವರು ಒಬ್ಬರೇ ಹೃದಯದ ಡಾಕ್ಟರಲ್ಲಿಗೆ ಹೋದರು. ಡಾಕ್ಟರು ಧಾರವಾಡದ ಹೆಣ್ಣುಮಗಳು. ರಿಪೋರ್ಟನ್ನು ಮೇಲಿಂದ ಕೆಳಗಿನವರೆಗೆ ಓದಿದರು.

"ಕೆಟ್ಟ ಕೊಲೆಸ್ಟ್ರಾಲ್ ಭಾಳ ಛಲೋ ಇಳದೈತ್ರಿ. ಬರೇ ಗುಳಿಗಿಯಿಂದ ಇಷ್ಟು ಆಗೂದಿಲ್ಲ. ಮನ್ಯಾಗ ಅಡಿಗಿ ಯಾರ್ ಮಾಡ್ತಾರ?"

"ಸೊಸಿ," ಎಂದರು ನೀಲಕಂಠಪ್ಪನವರು. ದನಿ ಸಣ್ಣಗಾಗಿತ್ತು.

"ಶಾಣ್ಯಾ ಇದ್ದಾರ. ಆದರ ಟ್ರೈಗ್ಲಿಸರೈಡು ಅಂದ್ರ ರಕ್ತದಾಗಿನ ಕೊಬ್ಬು, ಮತ್ತ ಸಕ್ರಿ, ಇವೆರಡ ಯಾಕ ಏರ್ಯಾವ? ಖಾಲಿ ಹೊಟ್ಟೀಲೆ ರಕ್ತ ಕೊಟ್ರಿ ಹೌದಲ್ಲ?"

"ಖರೇ ಉಪಾಸ ಇದ್ನಿರಿ. ಲ್ಯಾಬಿನವರು ಉಪಾಸ ಬರ್ರಿ ಅಂದಿದ್ರು. ಶ್ರಾವಣ ಸೋಮವಾರ, ಹೆಂಗೂ ನನ್ನ ಉಪಾಸ ಇತ್ತು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಉಪಾಸಕ್ಕ ಏನ್ ತಿಂದಿದ್ರಿ?"

"ಅನ್ನ, ರೊಟ್ಟಿ ಮುಟ್ಟಿಲ್ರಿ. ಲ್ಯಾಬಿಗೆ ಹೋಗೂ ಮುಂದ ಗುಡ್ಯಾಗ ಫಳಾರ ಕೊಟ್ಟಿದ್ರು. ತುಪ್ಪದಾಗ ಮಾಡಿದ ಸಾಬುದಾಣಿ ಖಿಚಡಿ, ಬಾಳೆಹಣ್ಣು, ಸಕ್ರಿ ಹಾಕಿದ ಹಾಲು..."

ಹೇಳುತ್ತ ಹೇಳುತ್ತ ಅವರಿಗೇ ಅರ್ಥವಾಯಿತು. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ.

"ನಮ್ಮ ಡಾಕ್ಟ್ರ ಉಪಾಸ ಅಂದ್ರ ನೀರು ಬಿಟ್ಟು ಏನೂ ಇಲ್ರಿ ಯಜಮಾನ್ರ. ಇನ್ನೊಮ್ಮೆ ರಕ್ತ ಕೊಡ್ರಿ." ಆಮೇಲೆ ಅವರ ತುಟಿಯ ಮೇಲಿನ ತಂಬಾಕಿನ ಕಲೆ ನೋಡಿ ನಗು ನಿಲ್ಲಿಸಿದರು. "ತಂಬಾಕ ಇನ್ನೂ ಬಿಟ್ಟಿಲ್ಲ. ಬಿ.ಪಿ. ಸೈತ ಏರೈತಿ. ಹೃದಯಕ್ಕೂ ಮೆದುಳಿಗೂ ಕುತ್ತು ತರೂವು ಇವೆರಡ. ಸೊಸಿ ಅಡಿಗ್ಯಾಗ ಏನೂ ತಪ್ಪಿಲ್ರಿ, ತಪ್ಪು ನಿಮ್ಮ ಚಟದಾಗ ಐತಿ."

ನೀಲಕಂಠಪ್ಪನವರು ರಿಪೋರ್ಟು ಮಡಚಿಕೊಂಡು ಎದ್ದರು. ಆಟೋದಲ್ಲಿ ಕೂತವರಿಗೆ ಮನೆ ಬೇಗ ಬಾರದಿರಲಿ ಅನಿಸಿತು. ತುಪ್ಪದ ಖಿಚಡಿ ತಿಂದವರು ತಾವು, ಕೊಲೆಗಡುಕಿ ಎನ್ನಿಸಿಕೊಂಡವಳು ಅವಳು. ಜೀವ ಉಳಿಸುತ್ತಿದ್ದವಳ ಮಾನವನ್ನೇ ಬೀಗರ ಮುಂದೆ ಹರಾಜಿಗೆ ಇಟ್ಟಿದ್ದರು. ನಾಚಿಕೆಯಿಂದ ಆಟೋದವನ ಬೆನ್ನು ನೋಡಲೂ ಮುಖವಿರಲಿಲ್ಲ. ಹೋದ ಕೂಡಲೇ ಅವಳ ಮುಂದೆ ತಪ್ಪಾಯಿತು ಎಂದುಬಿಡಬೇಕು ಎಂದು ಮನಸ್ಸಿನಲ್ಲೇ ತಿದ್ದಿ ತಿದ್ದಿ ಹೇಳಿಕೊಂಡರು.

ಮನೆಯ ಪಡಸಾಲೆಯಲ್ಲಿ ಅಡಿವೆಪ್ಪ ಆಗಲೇ ಬಂದು ಕೂತಿದ್ದ. ತಲೆಯಿಂದ ತೆಗೆದ ಪಟಗ ತೊಡೆಯ ಮೇಲಿತ್ತು. ಉಮಾಶ್ರೀ ಬಾಗಿಲ ಬಳಿ ಚೀಲ ಇಟ್ಟುಕೊಂಡು ನಿಂತಿದ್ದಳು. ಬೀಗರನ್ನು ಕಂಡದ್ದೇ ಅಡಿವೆಪ್ಪ ಎದ್ದು ಕೈ ಮುಗಿದ.

"ತಪ್ಪಾಗೇತ್ರಿ ಬೀಗರ. ನಿನ್ನೆ ಫೋನಿನ್ಯಾಗ ಆಕಿಗೆ ಬಾಯಿಗೆ ಬಂದಂಗ ಬೈದೇನಿ. ಮನಿತನದ ಹೆಸರು ಕೆಡಿಸಿದಿ ಅಂತ ಅಂದೇನಿ. ಹೊಟ್ಯಾಗ ಹಾಕ್ಕೋರಿ."

"ಆಕಿ ತಪ್ಪಿಲ್ರಿ," ಎಂದರು ನೀಲಕಂಠಪ್ಪನವರು. "ನಾನ ಫಳಾರ ತಿಂದು ರಕ್ತ ಕೊಟ್ಟಿದ್ನಿ. ಆಕಿ ಅಡಿಗಿಯಿಂದ ನನಗ ಛಲೋನ ಆಗೈತಂತ. ಡಾಕ್ಟ್ರು ಹೇಳಿದ್ರು."

ಅಡಿವೆಪ್ಪ ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ಆಗಲಿಲ್ಲ. ಮಗಳ ಕಡೆ ತಿರುಗಿ, ಅವಳ ಎರಡೂ ಕೈ ಹಿಡಿದುಕೊಂಡ.

"ತಪ್ಪಾತವ್ವ. ನಿನ್ನ ಒಂದ ಮಾತು ಕೇಳಲಿಲ್ಲ ನಾನು."

ಆ ಮಾತು ಅಡಿವೆಪ್ಪ ಹೇಳಬೇಕಾದದ್ದಾಗಿರಲಿಲ್ಲ. ಹೇಳಬೇಕಾದವರು ಕಂಬ ಹಿಡಿದು ನಿಂತಿದ್ದರು. ಉಮಾಶ್ರೀ ಅಪ್ಪನ ಹೆಗಲ ಮೇಲಿಂದ ಅವರನ್ನೇ ನೋಡಿದಳು, ಕಾದಳು. ಸೊಸೆಯ ಮುಂದೆ, ಹೆಣ್ಣು ಕೊಟ್ಟವನ ಮುಂದೆ, ನೀಲಕಂಠಪ್ಪನವರ ಬಾಯಿಂದ ಆ ಒಂದು ಮಾತು ಹೊರಡಲೊಲ್ಲದು.

"ಬೀಗರಿಗೆ ಚಾ ಮಾಡವ್ವ," ಎಂದರು, ನೆಲ ನೋಡುತ್ತ.

"ಮಾಡಿಟ್ಟೇನ್ರಿ ಮಾವಾರ, ಒಲಿ ಮ್ಯಾಲ ಐತಿ," ಎಂದು ಅವಳು ಚೀಲ ಎತ್ತಿಕೊಂಡಳು. "ನಿಮ್ಮದರಾಗ ಸಕ್ರಿ ಹಾಕಿಲ್ಲ. ನಡಿ ಅಪ್ಪಾ."