ಸರ್ವರ್ ಸಿಗವಲ್ಲ

ಕಾಲು ಮುರಿದವರಿಗೆ ಕಾಲ್ ಒಂದೇ ಗತಿ ಎಂಬುದು ಆ ಶುಕ್ರವಾರ ಬೆಳಿಗ್ಗೆ ದುಂಡಮ್ಮನಿಗೆ ಚೆನ್ನಾಗಿ ಮನದಟ್ಟಾಗಿತ್ತು. ಬಲಗಾಲು ಪ್ಲಾಸ್ಟರಿನೊಳಗೆ, ಎಡಗೈ ಫೋನಿನ ಮೇಲೆ, ಕಣ್ಣು ಕಂಪ್ಯೂಟರಿನ ಪರದೆಯ ಮೇಲೆ. ಎರಡು ವಾರದ ಹಿಂದೆ ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಇಳಿದಿದ್ದಳು. ಬಸ್ಸು ಮುಂದೆ ಹೋಯಿತು, ಕಾಲು ಹಿಂದೆ ಉಳಿಯಿತು.

ಹನ್ನೊಂದು ವರ್ಷದಿಂದ ಆಕೆ ಕಲಬುರಗಿಯ ಗುರುರಾಜ ವಕೀಲರ ಕಚೇರಿಯಲ್ಲಿ ಟೈಪಿಸ್ಟು. ಕಚೇರಿ ಇದ್ದದ್ದು ಸೂಪರ್ ಮಾರ್ಕೆಟ್ಟಿನ ಬಂಗಾರದ ಅಂಗಡಿಯೊಂದರ ಮಾಳಿಗೆಯ ಮೇಲೆ. ಬೆರಳು ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು. ಯಾರ ಮಾತನ್ನಾದರೂ ಒಮ್ಮೆ ಕೇಳಿದರೆ ಸಾಕು, ಅವರ ಮೂಗು, ಕೆಮ್ಮು, ನಡುನಡುವಿನ ನಿಟ್ಟುಸಿರಿನ ಸಮೇತ ತಿರುಗಿ ಒಪ್ಪಿಸುತ್ತಿದ್ದಳು. ಕಚೇರಿಯ ಗುಮಾಸ್ತ ಬಂಡು ಎಷ್ಟೋ ಸಲ ಸಾಹೇಬರೇ ಕರೆದರೆಂದು ಎದ್ದು ಓಡಿ, ಬಾಗಿಲ ತನಕ ಹೋಗಿ, ಬೈದುಕೊಂಡು ಮರಳಿದ್ದ.

ಆದರೆ ಕಾಲು ಅತ್ತಿತೆಂದು ವಕಾಲತ್ತು ನಿಲ್ಲುವುದಿಲ್ಲವಲ್ಲ. ಮೊದಲ ವಾರ ಆಕೆ ನೆರೆಮನೆಯಿಂದ ಎರವಲು ತಂದ ಕಂಪ್ಯೂಟರಿನಲ್ಲಿ ಟೈಪು ಮಾಡಿ, ಬಸ್ಸಿನ ಕಂಡಕ್ಟರನ ಕೈಯಲ್ಲಿ ಫ್ಲಾಪಿ ಕಳಿಸಿದಳು. ಅದು ಅವನ ಚೀಲದೊಳಗೆ ಬಿರುಕು ಬಿಟ್ಟು, ಅರ್ಜಿಯನ್ನೆಲ್ಲ ನುಂಗಿ, ಬಾಯಿ ಮುಚ್ಚಿಕೊಂಡು ಕಚೇರಿ ಸೇರಿತು. ವಕೀಲರ ತಾಳ್ಮೆ ಅಲ್ಲಿಗೆ ಮುಗಿಯಿತು.

“ಹಂಗಲ್ಲದು, ದುಂಡಮ್ಮ,” ಎಂದಿದ್ದರು ಫೋನಿನಲ್ಲಿ. ಅವರ ಯಾವ ಮಾತೂ ‘ಹಂಗಲ್ಲದು’ ಇಲ್ಲದೆ ಹೊರಡುತ್ತಿರಲಿಲ್ಲ. “ಶುಕ್ರವಾರ ಹನ್ನೊಂದಕ್ಕ ಕೈಫಿಯತ್ತಿನ ಕಾಗದ, ನಮ್ಮ ಕ್ಲೈಂಟಿನ ಜವಾಬು, ನನ್ನ ಕೈಯಾಗ ಬಂದ್ರ ಕೆಲಸ ನಿಂದು. ಬರಲಿಲ್ಲಂದ್ರ ಸೋಮವಾರದಿಂದ ಬ್ಯಾರೇದವರನ್ನ ಹಚ್ಚತೀನಿ. ಅಗದೀ ಸಾಫ್ ಹೇಳೀನಿ ನೋಡು.”

ಅದಕ್ಕಾಗಿಯೇ ಗುರುವಾರ ಕಂಪ್ಯೂಟರ್ ರಿಪೇರಿಯ ದತ್ತಪ್ಪ ಕಮಲಾಪುರಕ್ಕೆ ಬಂದು, ಕಚೇರಿಯ ಹಳೆಯ ಕಂಪ್ಯೂಟರನ್ನು ದುಂಡಮ್ಮನ ಪಡಸಾಲೆಯಲ್ಲಿ ಪ್ರತಿಷ್ಠಾಪಿಸಿದ್ದ. ಹೊಸ ಸಾಫ್ಟ್‌ವೇರು ಹಾಕುವಾಗ ಪರದೆ ಕೇಳಿತು: ಇದು ಮನೆಗೋ, ನೆಟ್‌ವರ್ಕಿಗೋ? ದತ್ತಪ್ಪ ಎರಡಕ್ಕೂ ಗುರುತು ಹಾಕಿದ.

“ಲೈನ್ ಇಲ್ದಾಗ ಇದು ಮನಿ ಮಗಳ್ರಿ ಅಕ್ಕೋರೆ, ಇಲ್ಲೇ ಕುಂತು ಬರೀತದ. ಲೈನ್ ಬಂದ್ರ ಕಚೇರಿ ಸೊಸಿ. ಫೋನಿನ್ಯಾಗಿಂದ ಹಾದು ಅಲ್ಲೇ ಹೋಗಿ ದುಡೀತದ. ನೀವು ಇಲ್ಲಿ ಗುಂಡಿ ಒತ್ತಿದ್ರ ಕಲಬುರಗಿಯಾಗ ಕಾಗದ ಬೀಳತಾವ.”

ಆದರೆ ಆ ಹೊತ್ತಿಗೆ ಊರಿನ ಫೋನು ಸತ್ತಿತ್ತು. ಪರೀಕ್ಷೆ ಮಾಡದೆಯೇ, ಕೊನೆಯ ಮಾತೊಂದನ್ನು ಹೇಳಿ ದತ್ತಪ್ಪ ಸಂಜೆ ಬಸ್ಸು ಹಿಡಿದಿದ್ದ.

ಫೋನಿಗೆ ಈಗ ಜೀವ ಬಂದಿತ್ತು. ಹದಿನಾಲ್ಕು ಪುಟ ಟೈಪಾಗಿ ಕೂತಿದ್ದವು. ದುಂಡಮ್ಮ ಚೌಕದೊಳಗೆ ಕಚೇರಿಯ ದೊಡ್ಡ ಕಂಪ್ಯೂಟರಿನ ಹೆಸರು ಹೊಡೆದಳು: ಎಸ್, ಇ, ಆರ್, ವಿ, ಇ, ಆರ್. ಫೋನನ್ನು ಕಂಪ್ಯೂಟರಿಗೆ ಜೋಡಿಸುವ ಮೋಡೆಮ್ಮು ಮೇಡಮ್ಮಿನ ಅಪ್ಪಣೆಯಂತೆ ಕಿರ್ರ್ ಎಂದಿತು, ಕುಂಯ್ ಎಂದಿತು, ಗಂಟಲು ತುಂಬ ನೀರು ಮುಕ್ಕಳಿಸಿತು. ಆಮೇಲೆ ಪರದೆಯ ಮೇಲೆ ನಾಲ್ಕನೆಯ ಸಲ ಅದೇ ಉತ್ತರ.

“ಸರ್ವರ್ ಸಿಗವಲ್ಲಂತ!” ಎಂದು ದುಂಡಮ್ಮ ಹಣೆ ಬಡಿದುಕೊಂಡಳು. ನೆಟ್ ಇತ್ತು, ವರ್ಕೂ ಇತ್ತು, ನೆಟ್ಟಗೆ ಮಾತ್ರ ಏನೂ ಇರಲಿಲ್ಲ.

ರೊಟ್ಟಿ ಬಡಿಯುತ್ತಿದ್ದ ಅತ್ತೆ ಚಂದಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಇಣುಕಿದಳು. “ಯಾರವ್ವಾ, ಸರ್ವರ್? ಇಮಾಮಬಿ ಮಗ ಏನು? ಈಗರೇ ನೋಡೀನಲ್ಲ, ಕೆಂಪ ಬಾಳಿಹಣ್ಣಿನ ಬುಟ್ಟಿ ಇಟಗೊಂಡು ಸಡಕಿನ ಬಾಜೂ ಕುಂತಾನ. ಕೂಗಲೇನು?”

“ಅವ ಅಲ್ರಿ ಅತ್ತಿ. ಇದು ಕಲಬುರಗಿ ಸರ್ವರ್.”

“ಅಯ್ಯ, ಇಷ್ಟ ಲಗೂ ಕಲಬುರಗಿಗೆ ಯಾವಾಗ ಹೋದ?”

ಉತ್ತರ ಕೊಡುವಷ್ಟರಲ್ಲಿ ಫೋನು ರಿಂಗಾಯಿತು. ಬಂಡು.

“ಅಕ್ಕಾ, ಹತ್ತ ಹೊಡದು ಹೋತು. ಸಾಹೇಬ್ರು ಒಮ್ಮಿ ಗಡಿಯಾರ ನೋಡತಾರ, ಒಮ್ಮಿ ನನ್ನ ನೋಡತಾರ. ಗಡಿಯಾರರೇ ನಡೀತದ, ನಾ ನಡೀಲಾರದವರ ಗತೆ ನಿಂತೀನಿ.”

“ಬಂಡೂ, ದೊಡ್ಡ ಕಂಪ್ಯೂಟರಿಗೆ ಏನ ಹೆಸರ ಇಟ್ಟಾನ, ನೋಡಿ ಹೇಳೋ.”

“ಎಲ್ಲಿಂದ ನೋಡ್ಲಿ? ದತ್ತಪ್ಪ ಆ ಖೋಲಿಗೆ ಕೀಲಿ ಹಾಕಿ, ಕೀಲಿ ಕಿಸೆದಾಗ ಇಟಗೊಂಡು ತಾಜಸುಲ್ತಾನಪುರಕ್ಕ ನಿಶ್ಚಯಕ್ಕ ಹೋಗ್ಯಾನ. ಯಾರ ನಿಶ್ಚಯ ಅನ್ನೂದು ನಿಶ್ಚಯ ಇಲ್ಲ. ನನಗ ಯಾವ ಗುಂಡೀನೂ ಮುಟ್ಟಬ್ಯಾಡಂತ ಹೇಳ್ಯಾನ. ನಿನಗೇನ ಹೇಳಿದ?”

ದುಂಡಮ್ಮನಿಗೆ ಮಾತು ನೆನಪಾಗುತ್ತಿದ್ದದ್ದು ತಲೆಯಿಂದಲ್ಲ, ಬಾಯಿಂದ. ನಾಲಿಗೆಯನ್ನು ದವಡೆಗೆ ಒತ್ತಿ ಎಲೆಅಡಿಕೆಯ ಉಂಡೆ ಮಾಡಿಕೊಂಡಳು. ತುಟಿ ಮುಂದೆ ಚಾಚಿದಳು. ಮೂಗಿನಲ್ಲಿ ದತ್ತಪ್ಪ ಇಳಿದ. “ಘಾಬರಿ ಆಗಬ್ಯಾಡ್ರಿ ಅಕ್ಕೋರೆ! ಲೈನ್ ಬಂದ ಮ್ಯಾಲ ಚೌಕದಾಗ ಹೆಸರ ಹೊಡೀರಿ. ಸರ್ವರ್ ಅಂತ ಇಟ್ಟೀನಿ ನೋಡ್ರಿ, ಸರ್ವರ್!”

ಆ ಕಡೆ ರಿಸೀವರು ಕೈ ಬದಲಾಯಿಸಿದ ಸದ್ದು. “ಏ ದತ್ತಪ್ಪಾ! ತಾಜಸುಲ್ತಾನಪುರಕ್ಕ ಹೋಗತೀನಂತ ಹೇಳಿ ಕಮಲಾಪುರದಾಗ ಕುಂತೀಯೇನೋ? ಹಂಗಲ್ಲದು, ಮೂವತ್ತ ವರ್ಷ ಪಾಟೀಸವಾಲ ಮಾಡಿದಾಂವ ನಾನು! ನನ್ನ ಮುಂದ ಸುಳ್ಳ?”

“ನಾನ್ರೀ ಸಾಹೇಬ್ರ, ದುಂಡಮ್ಮ.”

“ಮತ್ತ ದತ್ತಪ್ಪ ಎಲ್ಲಿದ್ದಾನ?”

“ನನ್ನ ಬಾಯಾಗರಿ.”

“ಹಂಗಲ್ಲದು, ಅವನ್ನ ಉಗುಳಿ ಕಾಗದ ಕಳಸು ಮೊದಲ. ಮುಕ್ಕಾಲ ತಾಸ ಅದ.”

ಆದರೆ ದುಂಡಮ್ಮ ದತ್ತಪ್ಪನನ್ನು ಉಗುಳಲಿಲ್ಲ. ತುಟಿ ಇನ್ನೂ ಆ ಶಬ್ದದ ಆಕಾರದಲ್ಲೇ ಇತ್ತು. ಅವನ ‘ವ’ ಹಲ್ಲಿನ ‘ವ’ ಅಲ್ಲ, ದುಂಡು ತುಟಿಯ ‘ವ’. ಈಗಷ್ಟೇ ಅತ್ತೆ ಇಮಾಮಬಿಯ ಮಗನನ್ನು ಹೆಸರಿಸಿದ್ದು ಇದೇ ತುಟಿಯಿಂದ. ಕಂಪ್ಯೂಟರಿಗೆ ಬರುವ ಮೊದಲು ದತ್ತಪ್ಪ ಏನು ಮಾಡುತ್ತಿದ್ದ? ಬೋರ್ಡು ಬರೆಯುತ್ತಿದ್ದ! ಸೂಪರ್ ಮಾರ್ಕೆಟ್ಟಿನ ಸರ್ವರ್ ಟೇಲರ್ಸ್, ಸರ್ವರ್ ಕ್ಲಾತ್ ಸ್ಟೋರ್ಸ್, ಎಲ್ಲ ಅವನ ಕುಂಚದ್ದೇ. ‘ಸರ್ವರ್’ ಎಂದರೆ ಆ ಕೈ ಇಂಗ್ಲಿಷಿನಲ್ಲಿ ಬರೆಯುವುದು ಒಂದೇ ರೀತಿ.

ಫೋನು ಇಟ್ಟಳು. ಲೈನು ಒಂದೇ, ಯಂತ್ರ ಮಾತಾಡಬೇಕಾದರೆ ಆಕೆ ಬಾಯಿ ಮುಚ್ಚಬೇಕು. ಹಳೆಯ ಹೆಸರು ಅಳಿಸಿ ಒಂದೊಂದೇ ಅಕ್ಷರ ಹೊಡೆದಳು: ಎಸ್, ಎ, ಆರ್, ಡಬ್ಲ್ಯು, ಎ, ಆರ್.

ಕಿರ್ರ್. ಕುಂಯ್. ಮುಕ್ಕಳಿಕೆ. ಆಮೇಲೆ ಮೌನ.

ಪರದೆಯ ಮೇಲೆ ಒಂದು ಕಿಟಕಿ ತೆರೆಯಿತು. ಅದರೊಳಗೆ ಗುರುರಾಜ ವಕೀಲರ ಕಚೇರಿಯೇ ಕೂತಿತ್ತು: ವಕಾಲತ್ತಿನ ನಮೂನೆ, ಬಾಡಿಗೆ ಕರಾರಿನ ನಮೂನೆ, ಕಳೆದ ವರ್ಷದ ಅರ್ಜಿಗಳು, ಮೂಲೆಯಲ್ಲಿ ಬಂಡುವಿನ ಇಸ್ಪೀಟಾಟ.

“ಸಿಕ್ಕ!” ಎಂದು ದುಂಡಮ್ಮ ಕೂಗಿದ ರಭಸಕ್ಕೆ ಪ್ಲಾಸ್ಟರಿನ ಕಾಲೂ ನೆಲ ಬಿಟ್ಟು ಎದ್ದಿತು. “ಅತ್ತೀ, ಸರ್ವರ್ ಸಿಕ್ಕ!”

“ಹಣ್ಣ ತಂದಾನೇನು?”

ಹದಿನಾಲ್ಕು ಪುಟ ಕಳಿಸಿ ಪ್ರಿಂಟಿನ ಗುಂಡಿ ಒತ್ತಿದಳು. ಮೂವತ್ತೆಂಟು ಕಿಲೋಮೀಟರ್ ಆಚೆ ಏನಾಯಿತೋ ಕಾಣುವಂತಿಲ್ಲ. ಹತ್ತು ನಿಮಿಷ ಉಸಿರು ಬಿಗಿಹಿಡಿದು, ಲೈನು ಬಿಡಿಸಿದಳು. ಬಿಡಿಸಿದ್ದೇ ತಡ, ಫೋನು ಹೊಡೆದುಕೊಂಡಿತು.

“ಬಂದಾವ ಅಕ್ಕಾ! ಹದಿನಾಲ್ಕೂ ಬಂದಾವ! ಹೊರಗಿನ ಪ್ರಿಂಟರ್ ಮಷೀನ್ ತಾನಾಗೇ ಚಾಲೂ ಆಗಿ ಉಗುಳಾಕತ್ತಿದ್ದು ನೋಡಿ ಕ್ಲೈಂಟ್ ಎದ್ದು ಕೈ ಮುಗದ!” ಬಂಡುವಿನ ದನಿ ಮಾಳಿಗೆಯಿಂದಲೇ ಕಮಲಾಪುರಕ್ಕೆ ಕೇಳುವಂತಿತ್ತು.

ಗುರುರಾಜ ವಕೀಲರು ರಿಸೀವರು ತೆಗೆದುಕೊಂಡರು. “ದುಂಡಮ್ಮ, ಒಂದು ಅಕ್ಷರ ತಪ್ಪಿಲ್ಲ. ಟೈಮ್ ಹತ್ತೂ ನಲವತ್ತು. ಕೆಲಸ ನಿಂದು.” ಜೀವಮಾನದಲ್ಲಿ ಮೊದಲ ಸಲ ‘ಹಂಗಲ್ಲದು’ ಎನ್ನುವುದನ್ನು ಮರೆತಿದ್ದರು. “ಸೋಮವಾರ ಎಂಟಕ್ಕ ಹೊಸಾದು ಹೇಳತೀನಿ, ಬರಕೋ.”

“ಒಂಬತ್ತಕ್ಕರಿ,” ಎಂದಳು ದುಂಡಮ್ಮ. “ಮತ್ತ ಕಾಲು ನೆಟ್ಟಗಾದ ಮ್ಯಾಲೂ ವಾರದಾಗ ಎರಡ ದಿನ ಇಲ್ಲಿಂದನ ಮಾಡತೀನಿ. ಸಾಫ್ಟ್‌ವೇರಿಗೆ ಮನಿ, ಕಚೇರಿ ಎರಡೂ ನಡೀತಾವಂದ್ರ ನನಗ್ಯಾಕ ನಡೀಬಾರದು?”

“ಒಂಬತ್ತಕ್ಕ. ಎರಡ ದಿನ. ಕಬೂಲ್,” ಎಂದರು. “ಮತ್ತ ಎದುರ ಪಾರ್ಟಿಗೆ ಇನ್ನ ಎರಡ ಪ್ರತಿ ಬೇಕು, ಲಗೂ!”

ದುಂಡಮ್ಮ ಫೋನಿಟ್ಟು, ಕುರ್ಚಿಯನ್ನು ಮುಂದೆ ಎಳೆದುಕೊಂಡು ಮತ್ತೆ ಕಚೇರಿಗೆ ಲೈನು ಹಚ್ಚಿದಳು. ಚಂದಮ್ಮ ಹಿಟ್ಟಿನ ಕೈ ಒರೆಸಿಕೊಂಡು ಬಂದು ಸೊಸೆಯ ಹೆಗಲ ಹಿಂದೆ ನಿಂತಳು.

“ಯಾವ ಗುಂಡಿ ಒತ್ತಿದ್ರ ಅಲ್ಲಿ ಕಾಗದ ಬೀಳತಾವ?”

“ಇದು. ನೀವೇ ಒತ್ರಿ.”

ಚಂದಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು, ರೊಟ್ಟಿ ಬಡಿದ ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು.