ಹೊಲಕ್ಕೆ ಹೋದ ಅವ್ವಂದಿರು

ವೈಶಾಖದ ಬಿಸಲು ಇನ್ನೂ ಕಣ್ಣಾಗ ಕುಂತೈತಿ, ಮಧ್ಯಾಹ್ನ ಎರಡೂವರೆಯ ಆಟ, ಪರದೆ ಮ್ಯಾಲ ಬೆಳಕು ಬಿದ್ದರೂ ನನಗ ಬರೇ ಕೆಂಪು ಚುಕ್ಕಿ ತೇಲಾಕತ್ತಾವ, ಮುಂದಿನ ಸಾಲಿನ್ಯಾಗ ಯಾರೋ ಖಾರದ ಪೊಟ್ಟಣ ಬಿಚ್ಚಿದರು, ಬೆಳ್ಳುಳ್ಳಿ ವಾಸನಿ ಬಂತು, ಸವಣೂರಿನ ಟಾಕೀಜಿನ ಕತ್ತಲಿಗೂ ಖಾರದ್ದ ವಾಸನಿ – ಪರದೆ ಮ್ಯಾಲ ಹೆಸರು ಬಂದ್ವು, ನಾನು ಎರಡನೇತ್ತ ತನಕಾ ಸಾಲಿ ಕಲಿತಾಕಿ, ಒಂದು ಹೆಸರು ಕೂಡಿಸಿ ಓದೂದ್ರಾಗ ಉಳಿದಾವು ಹಾರಿ ಹೋಗಿರತಾವ, ಅದಕ್ಕ ಮಗ್ಗಲಾಗ ಕುಂತ ದುರಗವ್ವಕ್ಕ ಹೆಸರು ಬ್ಯಾಡ ಬಿಡು ಸರೋಜಾ, ಏನು ಕಾಣತೈತಿ ಹೇಳು ಅಂತಾಳ. ಹೊಗಿ. ಮತ್ತ? ಹೊಗಿಯೊಳಗಿಂದ ಒಬ್ಬಂವ ಬರಾಕತ್ತಾನ. ಗಡ್ಡ ಐತೇನು? ಐತಿ. ಹಂಗಾದ್ರ ಅಂವನ ಹೀರೋ. ಮುಂದ ಕುಂತ ಹುಡುಗ ತಿರುಗಿದ, ಅಜ್ಜಿ, ಕಥಿ ಮನ್ಯಾಗ ಹೇಳ್ರಿ, ನಾವು ರೊಕ್ಕಾ ಕೊಟ್ಟು ಬಂದೇವಿ ಅಂದ, ನಾನು ಬಾಯಿ ಮುಚ್ಚಿದೆ, ಊರಾಗೂ ನನ್ನ ಮಾತು ಕಡಿಮಿ, ಆದರ ಅಕ್ಕ ಬಿಡತಾಳೇನು, ತಮ್ಮಾ, ನಿನ್ನ ಪಿಚ್ಚರಿನ್ಯಾಗ ಮಾತರ ಎಲ್ಲೈತೋ, ಬರೇ ಧಡ್ ಧಡ್, ನಡುವ ನಮ್ಮವೂ ಎರಡು ಬಿದ್ರ ನಿನ್ನ ಕಿವಿಗೆ ತಂಪು ಅಂದ್ಲು. ಅವರ ಸಾಲೆಲ್ಲ ನಕ್ಕತು. ಬಾಗಿಲ ಕಾಯೂ ಹಜರತಅಲಿ ಬ್ಯಾಟರಿ ಬಿಟ್ಟು ನೋಡಿ, ಸಣ್ಣಗ ಮಾತಾಡ್ರಿ ಅವ್ವಾರ, ಸಣ್ಣಗ ಅಂದು ಹೋದ. ಅಂವ ನಮ್ಮನ್ನ ಎಬ್ಬಸೂದಿಲ್ಲ. ಎಬ್ಬಿಸಿದರೂ ನಾವು ಏಳೂದಿಲ್ಲ.

ಏಳೂದಿಲ್ಲ, ಯಾಕ ಏಳಬೇಕು, ಮದುವಿ ಆಗಿ ಬಂದ ವರ್ಷದಿಂದ ಕುಂತೇವಿ, ಆಕಿ ಹಿರಿ ಸೊಸಿ ನಾನು ಸಣ್ಣ ಸೊಸಿ, ಅಣ್ಣ ತಮ್ಮಗ ಕೊಟ್ಟಿದ್ರು ನಮ್ಮನ್ನ, ಶಿಗ್ಗಾಂವಿ ಸಂತಿಗೆ ಅಂತ ಹೇಳಿ ಮ್ಯಾಟ್ನಿ ನೋಡಿ ಬರತಿದ್ವಿ, ಬದನಿಕಾಯಿ ಚೀಲ ತೊಡಿ ಮ್ಯಾಲ ಇಟಗೊಂಡು ಅಳತಿದ್ದೆ ನಾನು, ಅಕ್ಕ ಅಳತಿರಲಿಲ್ಲ, ಆಕೀದು ಎಲ್ಲಾ ಪ್ರಶ್ನಿ, ಅಂವ ಹಂಗ್ಯಾಕ ಮಾಡಿದ, ಈಕಿ ಯಾಕ ಸುಮ್ಮನಾದ್ಲು, ಬಸ್ಸಿನ್ಯಾಗೂ ಪ್ರಶ್ನಿ, ರೊಟ್ಟಿ ಬಡಿಯೂವಾಗೂ ಪ್ರಶ್ನಿ. ಈಗ ಗಂಡಂದಿರಿಬ್ಬರೂ ಇಲ್ಲ. ಆಕಿ ಕಣ್ಣು ಸಕ್ಕರಿ ರೋಗಕ್ಕ ಹೋಗಿ ಎರಡು ಮಳಿಗಾಲ ಆತು. ಆಕಿ ಸೊಸಿ ಸುನಿತಾ ಮೊನ್ನೆ ಅಡ್ಡ ನಿಂತಳು, ಕಣ್ಣಿಲ್ಲದಾಕಿಗೆ ಯಾತರ ಪಿಚ್ಚರ್ರಿ ಸಣ್ಣತ್ತಿ, ಮಂದಿ ನಗತಾರ, ಎಲ್ಲೆರ ಬಿದ್ದರ ನಿಮ್ಮ ಕೊರಳಿಗೆ ಬರತೈತಿ – ಬರಲಿ ಅಂದೆ, ನಗಲಿ ಅಂದೆ, ಹೆಣ್ಮಕ್ಕಳಿಗೆ ಬಸ್ಸು ಪುಕಟ, ಇಬ್ಬರ ಆಧಾರ್ ಕಾರ್ಡೂ ನನ್ನ ಚೀಲದಾಗ, ನಮ್ಮೂರು ಗೊಟಗೋಡಿಯಿಂದ ಶಿಗ್ಗಾಂವಿ, ಶಿಗ್ಗಾಂವಿಯಿಂದ ಸವಣೂರು, ಯಾರ ಅಪ್ಪಣಿ ಬೇಕು. ಸುನಿತಾ ಕೆಟ್ಟಾಕಿ ಅಲ್ಲ. ಅದ ತ್ರಾಸು. ಅತ್ತಿಗೆ ಬ್ಯಾಸರ ಆಗಬಾರದಂತ ಮೊರದಾಗ ಜ್ವಾಳ ಹಾಕಿ ಆರಸಾಕ ಕೊಡತಿದ್ಲು, ಅಕ್ಕ ಕಟ್ಟಿ ಮ್ಯಾಲ ಕುಂತು ಬೆರಳಿಂದ ಆರಸಾಕಿ, ಒಂದು ಹಳ್ಳು ಸಿಗಲಿಲ್ಲ, ಮರದಿನ ಸಿಗಲಿಲ್ಲ, ಅದರ ಮರದಿನಾನೂ ಇಲ್ಲ, ಆಕಿಗೆ ತಿಳೀತು, ಆರಿಸಿದ ಜ್ವಾಳ ತಂದು ಮತ್ತ ಆರಸಾಕ ಕೊಡತಾರ ನನಗ. ಮೊರ ಅಂಗಳಕ್ಕ ಒಗದ್ಲು. ಕೋಳಿಗೆ ಹಬ್ಬ. ಅವತ್ತು ನನ್ನ ಮುಂದ ಬಂದು ಕುಂತು, ಮಗ ಚನ್ನೇಶನೂ ಹಂಗ, ಮಳಿ ಬರದಿದ್ರೂ ಬಂದೈತಿ ಅಂತಾನ, ಎಮ್ಮಿ ಮಾರಿದ್ದ ಮುಚ್ಚಿಟ್ಟ, ನೀ ಒಬ್ಬಾಕಿ ಇದ್ದದ್ದು ಇದ್ದಂಗ ಹೇಳತಿ ಸರೋಜಾ ಅಂದ್ಲು. ನಾನು ಎಲಿಗೆ ಸುಣ್ಣ ಹಚ್ಚಿ ಕೊಟ್ಟೆ. 

ಇದ್ದದ್ದು ಇದ್ದಂಗ ಹೇಳಿದ್ದು ಒಂದು ಪಿಚ್ಚರು, ಅದನ್ನ ಯಾರೂ ನನ್ನಿಂದ ಕಸಗೊಳ್ಳಾಕ ಆಗೂದಿಲ್ಲ, ಹ್ವಾದ ಚಳಿಗಾಲದಾಗ ಬಂದಿತ್ತು, ಬೇಗ ತಗದುಬಿಟ್ರು, ಅದರಾಗ ಒಬ್ಬ ಗಂಡ ಒಬ್ಬಾಕಿ ಹೆಂಡತಿ ಎದುರಾಬದುರ ಕುಂತು ಉಣತಾರ, ಮಾತಿಲ್ಲ, ಹಾಡಿಲ್ಲ, ಹುಡುಗೂರು ಸೀಟಿ ಹೊಡದ್ರು, ಆಪರೇಟರಾ ಮಲಗಿಯೇನೋ ಅಂತ ಒದರಿದ್ರು, ಅಕ್ಕ ನನಗ ಕೇಳಿದ್ಲು, ಏನ್ ಮಾಡಾಕತ್ತಾರ? ಉಣ್ಣಾಕತ್ತಾರ. ಈಗ? ಇನ್ನೂ ಉಣ್ಣಾಕತ್ತಾರ. ಪಲ್ಯ ಏನೈತಿ? ಕಾಣವಲ್ದು. ಚೊಲೊತ್ನಾಗಿ ನೋಡ ಲೇ. ಮಡಿಕಿಕಾಳು ಇರಬೇಕು. ಯಾರು ಮೊದಲು ಕೈ ತೊಳದ್ರು? ಹೆಂಡತಿ. ಆತು ತಗೀ, ಸಿಟ್ಟು ಆಕೀದ ಅಂದ್ಲು ಅಕ್ಕ, ಖರೇನ ಹಂಗ ಇತ್ತು, ಮುಂದಿನ ಸೀನಿನ್ಯಾಗ ಹೆಂಡತಿ ಅರಿವಿ ಗಂಟು ಕಟ್ಟಿ ಹೊಂಟ್ಲು. ಬಸ್ಸಿನ್ಯಾಗ ಬರೂವಾಗ ಇವತ್ತು ನಾನು ಪಿಚ್ಚರ್ ನೋಡಿದೆ ಅಂದ್ಲು ಅಕ್ಕ. ನೋಡಿದೆ ಅಂದ್ಲು, ಕೇಳಿದೆ ಅನಲಿಲ್ಲ. ಅದ ನನಗ ಎಲ್ಲಾದಕ್ಕಿಂತ ದೊಡ್ಡ ಪಿಚ್ಚರು, ಉಳಿದಾವೆಲ್ಲ ಮಸಿ, ಹಗಲಿನ ಸೀನು ಕೂಡ ಒಲಿಯೊಳಗ ತಗದಂಗ ಇರತೈತಿ, ಕಣ್ಣಿದ್ದಾಕಿಗೇ ಕಾಣವಲ್ದು, ಒಬ್ಬಂವ ಊರಿಗೂರ ಕಡದು ಒಗೀತಾನ, ಅಂವಗ ಹಸಿವಿಲ್ಲ, ನಿದ್ದಿಲ್ಲ, ಹೊಲ ಎಲ್ಲೈತಿ ಗೊತ್ತಿಲ್ಲ, ಇನ್ನ ಪರದೆ ಮ್ಯಾಲ ನಮ್ಮ ಕಡೆ ಮಂದಿ ಬಂದ್ರ ಮುಗೀತು, ಬಾಯಿ ತಗದ್ರ ಬೈಗಳ, ಇಲ್ಲಾ ನಗಸಾಕ, ಹಾವೇರಿ ಜಿಲ್ಲಾದಾಗ ಯಾರೂ ಸಣ್ಣ ಧ್ವನಿಲೆ ಮಾತಾಡೂದ ಇಲ್ಲೇನು, ನಾನು ಅದೇನಿ, ನನ್ನನ್ನ ಯಾರು ತಗೀತಾರ ಪಿಚ್ಚರಿನ್ಯಾಗ.

ತಗೀತಾರ – ತಗದು ಕೊಲ್ಲತಾರ. ಇದನ್ನ ಮಾತ್ರ ನಾನು ಒಪ್ಪೂದಿಲ್ಲ, ಯಾರು ಏನರ ಅನಲಿ. ಬೆಳ್ಳನ ಕೂದಲದ ಅವ್ವ ಬರತಾಳ, ಕೆಮ್ಮತಾಳ, ಮಗಗ ಒಂದು ತುತ್ತು ಉಣಸತಾಳ, ಆಗ ನನಗ ಗೊತ್ತಾಗತೈತಿ ಈಕಿ ಇಂಟರವಲ್ ಮುಟ್ಟೂದಿಲ್ಲ, ಕಡೀತಾರ, ಸುಡತಾರ, ಬಾವ್ಯಾಗ ಒಗೀತಾರ, ಯಾತಕ್ಕ, ಆ ಗಡ್ಡದವಗ ಸಿಟ್ಟು ಬರಬೇಕಲ್ಲ, ಅಂವಗ ಸಿಟ್ಟು ಬರಾಕ ನಾವು ಸಾಯಬೇಕು. ಅಷ್ಟಕ್ಕ ಬೇಕು ನಾವು. ಯುಗಾದಿಗೆ ಬಂದ ಪಿಚ್ಚರಿನ್ಯಾಗ ಮೊದಲನೇ ಸಲ ನನ್ನ ನಾಲಿಗಿ ಹೊಳ್ಳಲಿಲ್ಲ, ಪರದೆ ಮ್ಯಾಲ ಆಕಿ ಬಾವ್ಯಾಗ ಬಿದ್ದಾಳ, ಅಕ್ಕ ಏನಾತು ಅಂದ್ಲು, ನಾನು ಏನೂ ಇಲ್ಲ, ಅವ್ವ ಹೊಲಕ್ಕ ಹ್ವಾದ್ಲು ಅಂದೆ. ಅಂದುಬಿಟ್ಟೆ. ಆಮ್ಯಾಲ ಆಕಿನ್ನ ಶೇಂಗಾ ಕಳೆ ತಗಿಯಾಕ ಹಚ್ಚಿದೆ, ಹೊಳ್ಳಿ ತಂದು ಕಟ್ಟಿ ಮ್ಯಾಲ ಕುಂಡ್ರಿಸಿದೆ, ಮಗ ರಕ್ತ ಹಚಗೊಂಡು ಬಂದ್ರ ಅಂಗಿ ಒಗಿಯಾವರು ಯಾರೋ ಅಂತ ಬೈಸಿದೆ, ಅಕ್ಕ ಎಷ್ಟು ನಕ್ಕಳು. ಮತ್ತ ಹಲಗಿ ಯಾಕ ಬಡೀತಾರ? ಅದು ಬಾಜೂ ಊರ ಹಬ್ಬ. ಮಗ ಯಾಕ ಚೀರತಾನ? ಹಲ್ಲಬ್ಯಾನಿ. ಮುಂದಿನ ಪಿಚ್ಚರಿನ್ಯಾಗೂ ಅವ್ವನ್ನ ಉಳಿಸಿದೆ, ಅದರ ಮುಂದಿನದ್ರಾಗೂ, ನನಗೇನೂ ಪಾಪ ಅನಸಲಿಲ್ಲ, ಅಲ್ಲಿ ಕುಂತು ಕೊಲ್ಲಾವರಿಗೆ ಅನಸದಿದ್ರ ಇಲ್ಲಿ ಕುಂತು ಉಳಸಾಕಿ ನನಗ್ಯಾಕ ಅನಸಬೇಕು.

ಇವತ್ತು, ಈಗ, ಇಂಟರವಲ್ ಮುಗದು ಎಷ್ಟೊತ್ತಾತು, ಮೊದಲನೇ ಅರ್ಧದಾಗ ಅವ್ವನ್ನ ಬಾಗಿಲದಾಗ ಕೆಡವಿದ್ರು, ನಾನು ಹೊಲಕ್ಕ ಕಳಸೇನಿ, ಗಡ್ಡದವ ಮಳಿಯಾಗ ನಿಂತು ಕಡಿಯಾಕತ್ತಾನ, ಅಕ್ಕ ಕೇಳಿದ್ಲು, ಅವನವ್ವ ಎಲ್ಲೆದಾಳ? ಹೊಲದಾಗ. ಮಳಿ ಸಪ್ಪಳ ಬರಾಕತ್ತೈತಿ, ಮಳಿಯಾಗ ಹೊಲದಾಗ ಏನ್ ಮಾಡತಾಳ? ಗಿಡದ ಬುಡಕ ನಿಂತಾಳ ಅಂದೆ. ಅಕ್ಕ ನನ್ನ ಕಡೆ ಮಾರಿ ಹೊಳ್ಳಿಸಿದ್ಲು. ಆಮ್ಯಾಲ ಸಣ್ಣಗ, ನನ್ನಕಿಂತ ಸಣ್ಣಗ, ಸರೋಜಾ, ಇದು ನಾಕನೇ ಪಿಚ್ಚರು, ಇಂಟರವಲ್ ಆದಮ್ಯಾಲ ಯಾವ ಅವ್ವನ ಧ್ವನಿನೂ ಬರೂದಿಲ್ಲಲ್ಲ, ಬೈಗಳ ಎಲ್ಲಾ ನಿನ್ನ ಬಾಯಾಗ ಬರತಾವ, ಎಲ್ಲಾ ಅವ್ವಂದಿರೂ ಹೊಲಕ್ಕ ಹೋಗಿರತಾರೇನು? ನಾನು ಹೂಂ ಅನಬೇಕಿತ್ತು. ಇಲ್ಲ ಅನಬೇಕಿತ್ತು. ನೀನೂ ನನಗ ಆರಿಸಿದ ಜ್ವಾಳ ಕೊಟ್ಟಿ ಅಂದ್ಲು ಅಕ್ಕ. ಅಲ್ಲ ಅಕ್ಕಾ, ನಿನ್ನ ಸಲುವಾಗಿ ಅಲ್ಲ, ನಿನ್ನ ಮ್ಯಾಲ ಕರುಣಾ ಬಂದು ಅಲ್ಲ, ನನ್ನ ಸಲುವಾಗಿ, ನನಗ ಅವರು ಬೇಕಾಗಿದ್ರು, ನಮ್ಮಂಥಾ ಒಬ್ಬಾಕೀರ ಆ ಪರದೆ ಮ್ಯಾಲ ಕಡೀತನಕಾ ಬದುಕಬೇಕಾಗಿತ್ತು – ಇದೆಲ್ಲ ಎದ್ಯಾಗ ಉಳೀತು, ಆಕಿ ಎದ್ದಳು. ಕೈ ಹಿಡಿಯಾಕ ಹೋದೆ, ಕೊಡವಿದ್ಲು. ಮುಂದಿನ ಕುರ್ಚಿ ಬೆನ್ನಿಗೆ ಅಂಗೈ ಹಚ್ಚಿದ್ಲು, ಅಲ್ಲಿಂದ ಅದರ ಮಗ್ಗಲಿನ ಕುರ್ಚಿಗೆ.

ನಾನು ತಪ್ಪು ಮಾಡಿಲ್ಲ. ಮಾಡಿಲ್ಲ. ಅಂಗೈ ಮತ್ತೊಂದು ಕುರ್ಚಿ ಮ್ಯಾಲ, ಬೆಳ್ಳಿ ಬಳಿ ಕಟ್ಟಿಗಿಗೆ ತಾಗಿ ಟಿಕ್ ಅಂತು, ಆ ಗಡ್ಡದವನ ಗದ್ದಲದಾಗೂ ಕೇಳಿತು, ಸುನಿತಾಗೂ ನನಗೂ ಫರಕಿಲ್ಲ ಅಂತ ತಿಳದ್ಲೇನು, ತಿಳೀಲಿ, ಫರಕೈತಿ, ಅಂಗೈ ಇನ್ನೊಂದು ಕುರ್ಚಿ ಮ್ಯಾಲ, ನಾನು ಎದ್ದು ನಿಂತೆ, ಇಷ್ಟು ವರ್ಷದಾಗ ಟಾಕೀಜಿನ್ಯಾಗ ನಾನು ಧ್ವನಿ ಎತ್ತಿದಾಕಿ ಅಲ್ಲ, ಎತ್ತಿದೆ, ಸತ್ತಾಳ ಅಕ್ಕಾ! ಮೊದಲನೇ ಅರ್ಧದಾಗ ಸತ್ತಾಳ, ಬಾಗಿಲದಾಗ ಕಡದ್ರು, ಕೈಯಾಗ ರೊಟ್ಟಿ ಇತ್ತು, ಯುಗಾದಿದ್ರಾಗ ಬಾವ್ಯಾಗ ಒಗದ್ರು, ಅದರ ಮುಂದಿನಾಕಿನ್ನ ಸುಟ್ರು, ಎಲ್ಲಾರೂ ಸತ್ತಾರ, ನಾ ಸಾಯಗೊಡಲಿಲ್ಲ! ಕುಂಡ್ರಬೇ ಅಜ್ಜಿ ಅಂತ ಹಿಂದಿನಿಂದ ಒಬ್ಬ, ಮುಂದಿನ ಹುಡುಗ ಈ ಸಲ ಬರೇ ನೋಡಿದ, ಹಜರತಅಲಿ ಬ್ಯಾಟರಿ ಹಚ್ಚಿದ, ಆ ಬೆಳಕಿನ್ಯಾಗ ಆಕಿ ಅಂಗೈ ಕಂಡಿತು, ಒಂದು ಕುರ್ಚಿ ಮ್ಯಾಲ ನಿಂತಿತ್ತು, ಐದೂ ಬೆರಳು ಬಿಚ್ಚಿಕೊಂಡು, ಕೇಳಾಕತ್ತಂಗ ನಿಂತಿತ್ತು, ಹೊಳ್ಳತಾಳ, ಹೊಳ್ಳೇ ಹೊಳ್ಳತಾಳ, ಅಂಗೈ ಅಲ್ಲೇ ಐತಿ – ಆಮ್ಯಾಲ ಎತ್ತಿದ್ಲು, ಮುಂದಿನ ಕುರ್ಚಿಗೆ ಇಟ್ಟಳು. ದುರಗವ್ವಕ್ಕ ಬಾಗಿಲ ಕಡೆ ಹ್ವಾದ್ಲು, ಆಟ ಇನ್ನೂ ಮುಗದಿಲ್ಲ, ಅಂಗೈ ಕುರ್ಚಿ ಮ್ಯಾಲ, ಮತ್ತೊಂದು ಕುರ್ಚಿ ಮ್ಯಾಲ